ಬಂಡೆಯ ಮುಂದೆ ಕ್ಯಾಮೆರಾ: ಹಂಪಿಯನ್ನು ಕಾಗದದಲ್ಲಿ ಉಳಿಸಿದ ಗ್ರೀನ್‌ಲಾ

ಬಂಡ್ರಿ: 50 ರೂಪಾಯಿಯ ಹೊಸ ನೋಟನ್ನು ತಿರುಗಿಸಿದರೆ ಹಂಪಿಯ ಕಲ್ಲಿನ ರಥ ಕಾಣುತ್ತದೆ. 2017ರಲ್ಲಿ ಚಲಾವಣೆಗೆ ಬಂದ ಈ ನೋಟು ವಿಠ್ಠಲ ದೇವಾಲಯದ ಅಂಗಳವನ್ನು ದೇಶದ ಮನೆಮನೆಗೂ ತಲುಪಿಸಿದೆ. ಆದರೆ ಆ ರಥಕ್ಕೆ ಶಿಖರವಿಲ್ಲ. ಇಟ್ಟಿಗೆ ಮತ್ತು ಗಾರೆಯಿಂದ ಕಟ್ಟಿದ ಶಿಖರವೊಂದು 19ನೇ ಶತಮಾನದ ಮಧ್ಯಭಾಗದಲ್ಲಿ ಅದರ ನೆತ್ತಿಯ ಮೇಲಿತ್ತು. ಆ ಶಿಖರವನ್ನು ಇಂದಿನ ತಲೆಮಾರು ಕಣ್ಣಾರೆ ಕಾಣುವಂತೆ ಮಾಡಿದ ಚಿತ್ರಗಳಲ್ಲಿ ಎಲ್ಲಕ್ಕಿಂತ ಹೆಸರಾದುದು 1856ರಲ್ಲಿ ತೆಗೆದದ್ದು. ಅದನ್ನು ತೆಗೆದವರು ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಅಲೆಕ್ಸಾಂಡರ್ ಜಾನ್ ಗ್ರೀನ್‌ಲಾ.

ಸಂಡೂರಿನ ಬಂಡ್ರಿಯಿಂದ ಹೊಸಪೇಟೆ, ಹಂಪಿ, ಕಂಪ್ಲಿಯವರೆಗಿನ ಸೀಮೆಗೆ ಇಂದು ಕ್ಯಾಮೆರಾ ಹಿಡಿದು ಬರುವವರಿಗೆ ಲೆಕ್ಕವಿಲ್ಲ. ಗುಡಿಗೋಪುರಗಳನ್ನು ನೋಡಲು ಬರುವವರ ಜೊತೆಗೆ ಬಂಡೆ ಹತ್ತಲೆಂದೇ ಬರುವವರೂ ಇದ್ದಾರೆ. ಬಂಡೆಯ ಚಿತ್ರ ಯಾವಾಗ ಒಳ್ಳೆಯ ಚಿತ್ರವಾಗುತ್ತದೆ ಎಂಬ ಪ್ರಶ್ನೆ ಇವರೆಲ್ಲರನ್ನೂ ಕಾಡುವಂಥದ್ದು. ಈ ಪ್ರಶ್ನೆಗೆ ಈ ನೆಲದಲ್ಲಿ ಮೊದಲಿಗೆ ಉತ್ತರ ಹುಡುಕಿದವರ ಸಾಲಿನಲ್ಲಿ ಗ್ರೀನ್‌ಲಾ ನಿಲ್ಲುತ್ತಾರೆ.

ಸೈನಿಕನ ಹವ್ಯಾಸ

ಗ್ರೀನ್‌ಲಾ ಜನಿಸಿದ್ದು 1818ರಲ್ಲಿ. ಮದರಾಸು ಸೈನ್ಯದ 46ನೇ ದೇಶೀ ಪದಾತಿ ದಳದಲ್ಲಿ ಅವರು ಅಧಿಕಾರಿಯಾಗಿದ್ದರು. ಛಾಯಾಗ್ರಹಣ ಆಗಿನ್ನೂ ಎಳೆಯ ವಿದ್ಯೆ. ಫ್ರಾನ್ಸಿನ ಡಗೇರ್ ತಮ್ಮ ಲೋಹದ ಹಲಗೆಯ ವಿಧಾನವನ್ನು ಪ್ರಕಟಿಸಿದ್ದು 1839ರಲ್ಲಿ. ಇಂಗ್ಲೆಂಡಿನ ಟಾಲ್ಬಟ್ ಕಾಗದದ ಮೇಲೆ ನೆಗೆಟಿವ್ ಪಡೆಯುವ ಕ್ಯಾಲೊಟೈಪ್ ವಿಧಾನಕ್ಕೆ ಹಕ್ಕು ಪಡೆದದ್ದು 1841ರಲ್ಲಿ. ಅದಾಗಿ ಹದಿನೈದು ವರ್ಷ ತುಂಬುವಷ್ಟರಲ್ಲಿ ಆ ವಿದ್ಯೆ ತುಂಗಭದ್ರೆಯ ದಂಡೆಗೆ ಬಂದು ಮುಟ್ಟಿತ್ತು.

ಮದರಾಸು ಪ್ರಾಂತ್ಯದ ಸೈನ್ಯದಲ್ಲಿ ಈ ಹುಚ್ಚು ಹತ್ತಿದವರು ಹಲವರಿದ್ದರು. ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರುಗಳ ಶಿಲ್ಪವನ್ನು ಚಿತ್ರೀಕರಿಸಿ, ಮುಂದೆ ಪ್ರಾಂತ್ಯದ ಅಧಿಕೃತ ಛಾಯಾಗ್ರಾಹಕರಾದರು. ಹಳೆಯ ಕಟ್ಟಡಗಳ ದಾಖಲೆಗೆ ಚಿತ್ರಕಾರನ ಕುಂಚಕ್ಕಿಂತ ಕ್ಯಾಮೆರಾ ಮೇಲು ಎಂಬ ಅಭಿಪ್ರಾಯ ಕಂಪನಿಯ ಆಡಳಿತದಲ್ಲಿ ಬೇರೂರುತ್ತಿದ್ದ ಕಾಲವದು. ಹಂಪಿಯ ಅವಶೇಷಗಳನ್ನು 1799ರಲ್ಲಿ ಕಾಲಿನ್ ಮೆಕೆಂಜಿ ಅಳತೆ ಮಾಡಿಸಿ, ನಕ್ಷೆ ಮತ್ತು ಜಲವರ್ಣ ಚಿತ್ರಗಳಲ್ಲಿ ಬರೆಯಿಸಿದ್ದರು. ಅರ್ಧ ಶತಮಾನದ ಬಳಿಕ ಅದೇ ಕಲ್ಲುಗಳ ಮುಂದೆ ಗ್ರೀನ್‌ಲಾ ಕ್ಯಾಮೆರಾ ನಿಲ್ಲಿಸಿದರು.

ಮೇಣದ ಕಾಗದ, ತಾಳ್ಮೆಯ ಕೆಲಸ

ಗ್ರೀನ್‌ಲಾ ಆರಿಸಿಕೊಂಡದ್ದು ಮೇಣ ಸವರಿದ ಕಾಗದದ ನೆಗೆಟಿವ್. ಟಾಲ್ಬಟ್ ವಿಧಾನವನ್ನು ಸುಧಾರಿಸಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಇದನ್ನು ಬಳಕೆಗೆ ತಂದಿದ್ದರು. ತೆಳುವಾದ ಕಾಗದಕ್ಕೆ ಕರಗಿದ ಮೇಣ ಕುಡಿಸಿ, ಅಯೋಡೈಡ್ ದ್ರಾವಣದಲ್ಲಿ ನೆನೆಸಿ ಒಣಗಿಸಬೇಕು. ಬಳಿಕ ಕತ್ತಲಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ ಬೆಳಕಿಗೆ ಸ್ಪಂದಿಸುವಂತೆ ಮಾಡಬೇಕು. ಚಿತ್ರ ತೆಗೆದ ಮೇಲೆ ಗ್ಯಾಲಿಕ್ ಆಮ್ಲದಲ್ಲಿ ಗಂಟೆಗಟ್ಟಲೆ ಇಟ್ಟರೆ ನೆಗೆಟಿವ್ ನಿಧಾನವಾಗಿ ಮೂಡುತ್ತಿತ್ತು.

ಅದೇ 1851ರಲ್ಲಿ ಬಂದ ಗಾಜಿನ ಹಲಗೆಯ ಕೊಲೋಡಿಯನ್ ವಿಧಾನ ಇದಕ್ಕಿಂತ ವೇಗವಾದುದು, ವಿವರಗಳೂ ಅದರಲ್ಲಿ ಹೆಚ್ಚು. ಆದರೆ ಗಾಜಿನ ಮೇಲಿನ ಲೇಪನ ಒಣಗುವ ಮುನ್ನವೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಬಳ್ಳಾರಿಯ ಬಿಸಿಲಿನಲ್ಲಿ ಅದು ಸುಲಭವಲ್ಲ. ಮೇಣದ ಕಾಗದವನ್ನಾದರೋ ಮೊದಲೇ ಸಿದ್ಧಪಡಿಸಿಕೊಂಡು ಹೊರಡಬಹುದಿತ್ತು. ಅದು ಹಗುರ, ಒಡೆಯುವ ಭಯವಿಲ್ಲ. ರೈಲು ಇನ್ನೂ ಬಾರದಿದ್ದ ಈ ಸೀಮೆಯಲ್ಲಿ ಸಾಮಾನು ಸಾಗುತ್ತಿದ್ದುದು ಎತ್ತಿನ ಗಾಡಿಯಲ್ಲಿ, ಗಾಡಿ ಹೋಗದ ಕಡೆ ಆಳುಗಳ ಹೆಗಲ ಮೇಲೆ.

ಹಗುರವೆಂದದ್ದು ಕಾಗದವನ್ನು ಮಾತ್ರ. ಚಿತ್ರವನ್ನು ದೊಡ್ಡದು ಮಾಡುವ ಅನುಕೂಲ ಬಳಕೆಯಲ್ಲಿರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಗ್ರೀನ್‌ಲಾ ಅವರ ನೆಗೆಟಿವ್‌ಗಳು ಒಂದೊಂದು ಬದಿಯೂ ಒಂದಡಿಗಿಂತ ಹೆಚ್ಚು. ಅವುಗಳನ್ನು ಹಿಡಿಸುವ ಕ್ಯಾಮೆರಾ ಎಂದರೆ ಒಂದು ಮರದ ಪೆಟ್ಟಿಗೆಯೇ ಸರಿ. ಅದನ್ನು ಮುಕ್ಕಾಲಿಯ ಮೇಲೇರಿಸಿ, ಓರೆಯಾದ ಬಂಡೆಯ ಮೇಲೆ ಅಲುಗದಂತೆ ನಿಲ್ಲಿಸಿ, ನಿಮಿಷಗಟ್ಟಲೆ ಬೆಳಕು ಬಿಡಬೇಕು. ಒಂದು ದಿನಕ್ಕೆ ಸಾಧ್ಯವಾಗುತ್ತಿದ್ದುದು ಕೆಲವೇ ಚಿತ್ರ. ಆದುದರಿಂದ ಎಲ್ಲಿ ನಿಲ್ಲಬೇಕು ಎಂಬುದನ್ನು ಪೆಟ್ಟಿಗೆ ಬಿಚ್ಚುವ ಮೊದಲೇ ನಡೆದು, ಹತ್ತಿ, ಇಳಿದು ತೀರ್ಮಾನಿಸಬೇಕಿತ್ತು.

ಹಂಪಿಯಲ್ಲಿ ಕಂಡದ್ದು

1565ರ ಜನವರಿಯ ಯುದ್ಧದ ನಂತರ ಹಾಳುಬಿದ್ದ ರಾಜಧಾನಿಗೆ ಗ್ರೀನ್‌ಲಾ ಬಂದಾಗ ಸುಮಾರು ಮುನ್ನೂರು ವರ್ಷ ಕಳೆದಿತ್ತು. ಪುರಾತತ್ವ ಇಲಾಖೆ ಇನ್ನೂ ಹುಟ್ಟಿರಲಿಲ್ಲ. ಜೀರ್ಣೋದ್ಧಾರದ ಕೈ ತಾಗದ, ಗಿಡಗಂಟಿ ಬೆಳೆದ, ಬಿದ್ದ ಕಲ್ಲು ಬಿದ್ದಲ್ಲೇ ಇದ್ದ ಹಂಪಿ ಅದು. ಅಲ್ಲಿ ಅವರು ತೆಗೆದ ಸುಮಾರು 60 ನೆಗೆಟಿವ್‌ಗಳು ಉಳಿದುಬಂದಿವೆ.

ಈ ಸೀಮೆಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷದ ವಯಸ್ಸು. ಒಂದೇ ಹಾಸಾಗಿದ್ದ ಕಲ್ಲು ಬಿರುಕುಗುಂಟ ಸೀಳಿ, ಬಿಸಿಲುಮಳೆಗೆ ಮೂಲೆಗಳು ಸವೆದು, ಒಂದರ ಮೇಲೊಂದು ಪೇರಿಸಿಟ್ಟಂತಹ ಗುಂಡುಗಳಾದವು. ನಡು ಮಧ್ಯಾಹ್ನ ಈ ಬಂಡೆಗಳ ಚಿತ್ರ ತೆಗೆದರೆ ಎಲ್ಲವೂ ಬೆಳ್ಳಗೆ, ಚಪ್ಪಟೆಯಾಗಿ ಕಾಣುತ್ತವೆ. ಓರೆಯಾದ ಬೆಳಕು ಬಿದ್ದಾಗ ಮಾತ್ರ ಕಲ್ಲಿನ ಉಬ್ಬು, ತಗ್ಗು, ಬಿರುಕುಗಳು ಏಳುತ್ತವೆ. ಮೇಣದ ಕಾಗದದ ನಾರು ಸಣ್ಣ ವಿವರಗಳನ್ನು ತುಸು ಮಸುಕಾಗಿಸಿದರೂ ನೆರಳು ಬೆಳಕಿನ ದೊಡ್ಡ ರಾಶಿಗಳನ್ನು ಚೆನ್ನಾಗಿ ಹಿಡಿಯುತ್ತದೆ. ಆ ಕಾಲದ ರಸಾಯನ ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದರಿಂದ ಆಕಾಶ ಮೋಡವಿಲ್ಲದ ಬಿಳಿಯ ಹಾಳೆಯಾಗುತ್ತಿತ್ತು. ಛಾಯಾಗ್ರಾಹಕರು ಇದನ್ನು ಕುಂದೆಂದೇ ಎಣಿಸುತ್ತಿದ್ದರು. ಹಂಪಿಯ ಮಟ್ಟಿಗೆ ಮಾತ್ರ ಅದು ಅನುಕೂಲವಾಯಿತು: ಬರಿಯ ಆಕಾಶದ ಎದುರು ಬಂಡೆಯ ಮತ್ತು ಗೋಪುರದ ಅಂಚು ಗೆರೆ ಎಳೆದಂತೆ ನಿಲ್ಲುತ್ತದೆ.

ಬಂಡೆಯೊಂದನ್ನೇ ತೋರಿಸಿದರೆ ಅದು ಆಳೆತ್ತರದ್ದೋ ಆನೆಯೆತ್ತರದ್ದೋ ತಿಳಿಯದು. ಪಕ್ಕದಲ್ಲಿ ಕಂಬ, ಬಾಗಿಲು, ಮೆಟ್ಟಿಲುಗಳಿದ್ದರೆ ಕಣ್ಣಿಗೆ ಅಳತೆಗೋಲು ಸಿಕ್ಕಂತೆ. ಕಲ್ಲು ಮತ್ತು ಕಟ್ಟಡ ಒಂದನ್ನೊಂದು ಅಳೆಯುವಂತೆ ನಿಂತಿರುವುದು ಹಂಪಿಯ ವಿಶೇಷ. ಅದು ಕಾಗದದ ಮೇಲೂ ಹಾಗೆಯೇ ಬರಬೇಕಾದರೆ ಕ್ಯಾಮೆರಾ ತಕ್ಕ ದೂರದಲ್ಲಿ, ತಕ್ಕ ಎತ್ತರದಲ್ಲಿ, ಓರೆಯಾಗದೆ ನಿಲ್ಲಬೇಕು. ಗ್ರೀನ್‌ಲಾ ಅವರ ಹೆಚ್ಚುಗಾರಿಕೆ ಇದ್ದುದು ಈ ಆಯ್ಕೆಯಲ್ಲಿ.

ಹತ್ತುವವರ ಕ್ಯಾಮೆರಾ

ಬಂಡೆ ಹತ್ತುವವರನ್ನೇ ಚಿತ್ರಿಸುವ ಕಲೆ ಬೆಳೆದದ್ದು ಮುಂದೆ, ಯೂರೋಪಿನಲ್ಲಿ. ಇಟಲಿಯ ವಿಟ್ಟೋರಿಯೊ ಸೆಲ್ಲಾ 1880ರ ದಶಕದಿಂದ 30x40 ಸೆಂಟಿಮೀಟರ್ ಗಾಜಿನ ಹಲಗೆಗಳನ್ನು ಆಲ್ಪ್ಸ್ ಶಿಖರಗಳಿಗೆ ಹೊತ್ತೊಯ್ದರು. 1909ರಲ್ಲಿ ಕೆ2 ಪರ್ವತದ ಯಾತ್ರೆಗೂ ಅವರೇ ಛಾಯಾಗ್ರಾಹಕರು. ಇಂಗ್ಲೆಂಡಿನ ಕೆಸ್ವಿಕ್ ಪಟ್ಟಣದ ಜಾರ್ಜ್ ಮತ್ತು ಆಶ್ಲಿ ಏಬ್ರಹಾಂ ಸಹೋದರರು 1890ರ ದಶಕದಲ್ಲಿ ತಾವೇ ಹಗ್ಗ ಕಟ್ಟಿಕೊಂಡು ಏರಿ, ಕಡಿದಾದ ಬಂಡೆಯಲ್ಲಿ ಮುಕ್ಕಾಲಿ ನಿಲ್ಲಿಸಿದರು. ಓವೆನ್ ಗ್ಲಿನ್ ಜೋನ್ಸ್ 1897ರಲ್ಲಿ ಪ್ರಕಟಿಸಿದ ಶಿಲಾರೋಹಣದ ಪುಸ್ತಕಕ್ಕೆ ಅವರ ಚಿತ್ರಗಳೇ ಜೀವ ತುಂಬಿದವು.

ಇವರೆಲ್ಲರಿಗೂ ಎದುರಾದದ್ದು ಗ್ರೀನ್‌ಲಾ ಅವರಿಗೆ ಹಂಪಿಯಲ್ಲಿ ಎದುರಾದ ಸಮಸ್ಯೆಯೇ. ನೇರವಾಗಿ ಕೆಳಗೆ ನಿಂತು ತೆಗೆದರೆ ಎತ್ತರದ ಬಂಡೆ ಕುಗ್ಗುತ್ತದೆ. ಹತ್ತುವವನ ಬೆನ್ನು ಮತ್ತು ಅಂಗಾಲು ಮಾತ್ರ ಸಿಗುತ್ತವೆ. ಬದಿಯಿಂದಲೋ ಮೇಲಿನಿಂದಲೋ ನೋಡಿದಾಗ ಅವನ ಮುಖ, ಕೈ ಹಿಡಿದ ಬಿರುಕು, ಕೆಳಗಿನ ಆಳ ಮೂರೂ ಒಟ್ಟಿಗೆ ಕಾಣುತ್ತವೆ. ಅಂತಹ ಜಾಗ ತಲುಪಲು ಛಾಯಾಗ್ರಾಹಕನೂ ಹತ್ತಲೇಬೇಕು. ಕ್ಯಾಮೆರಾವನ್ನು ತುಸು ವಾಲಿಸಿದರೆ ಸಾಧಾರಣ ಇಳಿಜಾರೂ ಗೋಡೆಯಂತೆ ಕಡಿದಾಗಿ ತೋರುತ್ತದೆ. ಅನುಭವಿಗಳು ಈ ಮೋಸವನ್ನು ಕೂಡಲೇ ಗುರುತಿಸುತ್ತಾರೆ. ನೇತಾಡುವ ಹಗ್ಗ, ಹಿನ್ನೆಲೆಯ ತೆಂಗಿನ ಮರ, ನದಿಯ ನೀರಿನ ಮಟ್ಟ ಸುಳ್ಳು ಹೇಳುವುದಿಲ್ಲ.

2000ರ ದಶಕದ ಆರಂಭದಲ್ಲಿ ಅಮೆರಿಕದ ಹೆಸರಾಂತ ಶಿಲಾರೋಹಿ ಕ್ರಿಸ್ ಶರ್ಮಾ ಹಂಪಿಯ ಬಂಡೆಗಳನ್ನು ಹತ್ತಿದ ಚಲನಚಿತ್ರ ‘ಪಿಲ್ಗ್ರಿಮೇಜ್’ ಹೊರಬಂತು. ಹಗ್ಗವಿಲ್ಲದೆ, ಕೆಳಗೆ ದಪ್ಪ ಹಾಸು ಹಾಕಿ ಗುಂಡುಗಳನ್ನೇರುವ ಆಟಕ್ಕೆ ಈ ಸೀಮೆ ಜಗತ್ತಿನ ನಕ್ಷೆಯಲ್ಲಿ ಸ್ಥಾನ ಪಡೆಯಿತು. ಗ್ರೀನ್‌ಲಾ ಚಿತ್ರಿಸಿದ ಕಲ್ಲಿನ ಸೀಮೆಯೇ ಆಟದ ಬಯಲಾಗಿ ಮತ್ತೊಮ್ಮೆ ಕ್ಯಾಮೆರಾದ ಮುಂದೆ ನಿಂತಿತು.

ಮರೆವು ಮತ್ತು ಮರುಹುಟ್ಟು

ಕಾಗದದ ನೆಗೆಟಿವ್ ತಯಾರಿಸುವ ಗ್ರೀನ್‌ಲಾ ಅವರ ವಿಧಾನ ಅವರದೇ ಹೆಸರಿನಿಂದ ಛಾಯಾಗ್ರಹಣದ ಕೈಪಿಡಿಗಳನ್ನು ಸೇರಿತು. ಇತರರು ಗಾಜಿನ ಕಡೆಗೆ ಹೊರಳಿದ ಮೇಲೂ ಕಾಗದದಲ್ಲಿ ನಂಬಿಕೆ ಇಟ್ಟವರ ಪ್ರತಿನಿಧಿಯಾಗಿ ಅವರು ಉಳಿದರು. 1870ರಲ್ಲಿ ಅವರು ನಿಧನರಾದರು. ವಿಧಾನ ಪುಸ್ತಕದಲ್ಲಿ ಉಳಿಯಿತು. ಹಂಪಿಯ ಚಿತ್ರಗಳು ಮಾತ್ರ ಜನರ ಕಣ್ಣಿಂದ ಮರೆಯಾದವು.

ಒಂದು ಶತಮಾನಕ್ಕೂ ಹೆಚ್ಚು ಕಾಲದ ಬಳಿಕ, 1980ರ ಸುಮಾರಿಗೆ, ಆ ನೆಗೆಟಿವ್‌ಗಳು ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದವು. ಅದೇ ಹೊತ್ತಿಗೆ ಜಾರ್ಜ್ ಮಿಷೆಲ್ ಮತ್ತು ಜಾನ್ ಫ್ರಿಟ್ಜ್ ಹಂಪಿಯ ಅವಶೇಷಗಳನ್ನು ಅಳೆದು ದಾಖಲಿಸುವ ದೊಡ್ಡ ಕಾರ್ಯ ಆರಂಭಿಸಿದ್ದರು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ಚಿತ್ರಗಳನ್ನು ಮುಂದಿಟ್ಟುಕೊಂಡು, ಅವರು ನಿಂತಿದ್ದ ಸ್ಥಳಗಳನ್ನೇ ಹುಡುಕಿ, ಅದೇ ನೋಟಗಳನ್ನು ಮರಳಿ ತೆಗೆದರು.

127 ವರ್ಷಗಳ ಬಳಿಕ ಇದು ಸಾಧ್ಯವಾದದ್ದಕ್ಕೆ ಎರಡು ಕಾರಣಗಳಿವೆ. ಒಂದು, ಬಂಡೆಗಳು ಕದಲಿರಲಿಲ್ಲ. ಇನ್ನೊಂದು, ಗ್ರೀನ್‌ಲಾ ತಮ್ಮ ನೋಟವನ್ನು ವಾಲಿಸಿ ತಿರುಚಿರಲಿಲ್ಲ. ಎದುರಿನ ಕಂಬಕ್ಕೂ ಹಿಂದಿನ ಗುಡ್ಡಕ್ಕೂ ಇದ್ದ ಸಂಬಂಧ ಚಿತ್ರದಲ್ಲಿ ಇದ್ದಂತೆಯೇ ಉಳಿದಿತ್ತು. ಎರಡು ಕಾಲದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗ ಬಿದ್ದದ್ದು ಯಾವುದು, ಬೆಳೆದದ್ದು ಯಾವುದು ಎಂಬುದು ತಾನಾಗಿ ತಿಳಿಯಿತು. ಕಲ್ಲಿನ ರಥದ ಶಿಖರದ ಕಥೆ ಜನಪ್ರಿಯವಾದದ್ದೂ ಈ ಹೋಲಿಕೆಯಿಂದಲೇ. 1986ರಲ್ಲಿ ಹಂಪಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗ್ರೀನ್‌ಲಾ ನೆಗೆಟಿವ್‌ಗಳು ದೆಹಲಿಯ ಆಲ್ಕಾಜಿ ಸಂಗ್ರಹ ಸೇರಿದವು. ಮಿಷೆಲ್ ಸಂಪಾದಿಸಿದ ‘ವಿಜಯನಗರ: ಸ್ಪ್ಲೆಂಡರ್ ಇನ್ ರೂಯಿನ್ಸ್’ ಗ್ರಂಥ 2008ರಲ್ಲಿ ಪ್ರಕಟವಾಯಿತು.

ಇಂದಿಗೆ ಏಕೆ ಬೇಕು

ಬಂಡೆ ಕದಲುವುದಿಲ್ಲ ಎಂಬ ನಂಬಿಕೆ ಈಗ ಮೊದಲಿನಷ್ಟು ಗಟ್ಟಿಯಾಗಿಲ್ಲ. ಸಂಡೂರಿನ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಅಂಕೆ ಮೀರಿ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ಸ್ಥಗಿತಗೊಳಿಸಬೇಕಾಯಿತು. ಮುಂದೆ ಷರತ್ತುಗಳೊಂದಿಗೆ ಗಣಿಗಳು ಮತ್ತೆ ತೆರೆದವು. ಅಗೆದ ಬೆಟ್ಟದ ನೆತ್ತಿ ಮೊದಲು ಹೇಗಿತ್ತು ಎಂದು ಮುಂದಿನವರು ಕೇಳಿದಾಗ ಉತ್ತರಿಸಬೇಕಾದುದು ಚಿತ್ರಗಳೇ. ಕಲ್ಲು ಒಡೆಯುವ ಕೆಲಸ ನಡೆಯುವ ಗ್ರಾನೈಟ್ ಗುಡ್ಡಗಳ ಮಾತೂ ಅಷ್ಟೇ.

ಎಲ್ಲಿಂದ, ಯಾವ ವರ್ಷ ತೆಗೆದದ್ದು ಎಂದು ತಿಳಿಯದ, ಕಡಿದಾಗಿ ಕಾಣಲೆಂದು ವಾಲಿಸಿದ ಚಿತ್ರ ಅಂತಹ ಸಾಕ್ಷಿಯಾಗಲಾರದು. ಬಂಡೆ ಹತ್ತುವ ಗೆಳೆಯನ ಚಿತ್ರ ತೆಗೆಯುವವರೂ ನಿಂತ ಜಾಗವನ್ನು ಗುರುತಿಟ್ಟು, ದಿಗಂತವನ್ನು ನೇರವಾಗಿಟ್ಟು, ಸುತ್ತಲ ಗುಡ್ಡಕ್ಕೂ ಚೌಕಟ್ಟಿನಲ್ಲಿ ತುಸು ಜಾಗ ಬಿಟ್ಟರೆ, ಆ ಚಿತ್ರ ಇಂದಿನ ಸಾಹಸದ ಜೊತೆಗೆ ನಾಳಿನ ದಾಖಲೆಯೂ ಆಗುತ್ತದೆ. ಗ್ರೀನ್‌ಲಾ ಕ್ಯಾಮೆರಾ ಹೂಡಿದ ವಿಠ್ಠಲ ದೇವಾಲಯದ ಅಂಗಳ ಇಂದಿಗೂ ಪ್ರವಾಸಿಗರಿಗೆ ತೆರೆದಿದೆ. ರಥದ ಮುಂದೆ ನಿಂತು ಫೋಟೊ ತೆಗೆಯುವವರು 1856ರ ಆ ಚಿತ್ರವನ್ನು ಒಮ್ಮೆ ನೋಡಿಕೊಂಡು ಹೋದರೆ, ಖಾಲಿ ನೆತ್ತಿಯ ಮೇಲೆ ಏನಿತ್ತು ಎಂಬುದು ತಿಳಿಯುತ್ತದೆ.