ಎಟಿಪಿಯನ್ನು ಕಂಡುಹಿಡಿದ ಯಲ್ಲಾಪ್ರಗಡ ಸುಬ್ಬರಾವ್



ನಮ್ಮ ನಲ್ಲಂಪಳ್ಳಿ, ಧರ್ಮಪುರಿ, ಹೊಸೂರು ಕಡೆಯ ಮಕ್ಕಳು ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಎಂದು ಓದುವವರು. ಮನೆಯಲ್ಲಿ ತೆಲುಗಾಡುತ್ತಾ ಮದ್ರಾಸಿಗೆ ಬಂದು ಓದಿದ ಒಬ್ಬ ಹುಡುಗನ ಜೀವನ ಅವರಿಗೆ ತಿಳಿದಿರಲಿ.

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಅಂದಿನ ಮದ್ರಾಸ್ ಪ್ರಾಂತ್ಯದ ಭೀಮವರಂನಲ್ಲಿ. ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ, ಮೂರನೇ ಸಲ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ಪಾಸಾದರು. ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಅಣ್ಣ, ತಮ್ಮ ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಇದು ಬ್ರಿಟಿಷ್ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಹೀಗಾಗಿ ಎಂ.ಬಿ.ಬಿ.ಎಸ್. ಬದಲು ಕೆಳದರ್ಜೆಯ ಎಲ್.ಎಂ.ಎಸ್. ಮಾತ್ರ ಸಿಕ್ಕಿತು. ಕೆಲಕಾಲ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳಿ, ಬಳಿಕ ಅಮೆರಿಕದ ಬೋಸ್ಟನ್‌ಗೆ ಹಡಗು ಹತ್ತಿದರು. ಅಲ್ಲಿ ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಳಾಗಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದದ್ದೂ ಉಂಟು.

ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ಸೇರಿ ರಕ್ತ, ಮೂತ್ರಗಳಲ್ಲಿ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. ಅದೇ ವಿಧಾನ ಹಿಡಿದು ಸ್ನಾಯುಗಳನ್ನು ಪರೀಕ್ಷಿಸಿದಾಗ 1927ರಲ್ಲಿ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಎಟಿಪಿ ದೊರೆತವು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಎಟಿಪಿಯನ್ನು ಕಂಡುಕೊಂಡಿದ್ದರು. ನಾವು ನಡೆಯುವುದು, ಉಸಿರಾಡುವುದು, ಯೋಚಿಸುವುದು ಎಲ್ಲಕ್ಕೂ ಖರ್ಚಾಗುವ ಚಿಲ್ಲರೆ ಕಾಸು ಈ ಎಟಿಪಿ. ಜೀವಕೋಶದೊಳಗಿನ ಮೈಟೋಕಾಂಡ್ರಿಯದಲ್ಲಿ ಎಟಿಪಿ ಸಿಂಥೇಸ್ ಎಂಬ ಕಿಣ್ವ ಗಾಣದಂತೆ ತಿರುಗುತ್ತಾ ಇದನ್ನು ತಯಾರಿಸುತ್ತದೆ. ಇಂದು ಪ್ರಯೋಗಾಲಯಗಳಲ್ಲಿ ಆ ಕಿಣ್ವಕ್ಕೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಬಳಸಿ, ಕೋಶದಲ್ಲಿ ಅದು ಎಲ್ಲಿದೆ, ಎಷ್ಟಿದೆ ಎಂದು ನೋಡುತ್ತಾರೆ. ಈ ಕಿಣ್ವದ ಕೆಲಸ ಬಿಡಿಸಿ ತೋರಿಸಿದ ಪಾಲ್ ಬೋಯರ್, ಜಾನ್ ವಾಕರ್ ಅವರಿಗೆ 1997ರಲ್ಲಿ ನೊಬೆಲ್ ಬಂತು. ಸುಬ್ಬರಾವ್ ಅವರಿಗೆ ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆಯೂ ಸಿಗಲಿಲ್ಲ.

1940ರಲ್ಲಿ ಅವರು ಲೆಡರ್ಲೆ ಔಷಧ ಕಂಪನಿ ಸೇರಿದರು. ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು. ಅಣ್ಣತಮ್ಮಂದಿರನ್ನು ಕೊಂದ ಸ್ಪ್ರೂ ರೋಗಕ್ಕೆ ಅದೇ ಮದ್ದಾಯಿತು. ಆನೆಕಾಲು ರೋಗಕ್ಕೆ ಕೊಡುವ ಡಿ.ಇ.ಸಿ. ಮಾತ್ರೆಯೂ ಅಲ್ಲಿಂದಲೇ ಬಂತು. ಆ ತಂಡ ತಯಾರಿಸಿದ ಅಮಿನಾಪ್ಟೆರಿನ್‌ನಿಂದ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಚಿಕಿತ್ಸೆ ನೀಡಿದರು.

1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿಗೆ, ಸುಬ್ಬರಾವ್ ನಿದ್ದೆಯಲ್ಲೇ ಕೊನೆಯುಸಿರೆಳೆದರು. ಊರಿಗೆ ಮರಳಲಾಗಲಿಲ್ಲ. ಹೆಂಡತಿ ಶೇಷಗಿರಿಯವರನ್ನು ಮತ್ತೆ ಕಾಣಲೂ ಇಲ್ಲ. 1995ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ತಂದಿತು.

ನಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಬಸುರಿ ಹೆಣ್ಣುಮಕ್ಕಳಿಗೆ ಫೋಲಿಕ್ ಆಮ್ಲದ ಮಾತ್ರೆ ಕೊಡುವಾಗ ಅವರನ್ನು ಒಮ್ಮೆ ನೆನೆಯೋಣ. ಪರೀಕ್ಷೆಯಲ್ಲಿ ನಪಾಸಾಗಿ ಮುಖ ಸಣ್ಣದು ಮಾಡಿಕೊಂಡ ಮಗು ಮನೆಯಲ್ಲಿದ್ದರೆ, ಈ ಕಥೆಯನ್ನು ಅದಕ್ಕೆ ಹೇಳಿ.