ಮೂಡಣ ಜೋಯಿಸರ ಕಥೆಯನ್ನು ಬರೆದ ಲ್ಯೂ ವಾಲೆಸ್

ಕ್ರಿಸ್ತ ಜನನದ ಹಬ್ಬವು ಸಮೀಪಿಸಿರುವ ಈ ದಿನಗಳಲ್ಲಿ ನಮ್ಮ ಗ್ರಾಮಸಭೆಗಳ ಮಕ್ಕಳು ಮೂಡಣ ದೇಶದ ಜೋಯಿಸರ ವೃತ್ತಾಂತವನ್ನು ಬಾಯಿಪಾಠ ಮಾಡುತ್ತಿರುವರು. ಕಾಗದದ ಕಿರೀಟಗಳನ್ನು ಧರಿಸಿ ಚಿನ್ನ, ಧೂಪ, ರಕ್ತಬೋಳಗಳೆಂದು ಸಣ್ಣ ಪೆಟ್ಟಿಗೆಗಳನ್ನು ಹಿಡಿದು ಅವರು ದೇವಾಲಯದ ನಡುವೆ ನಡೆದು ಬರುವಾಗ ಹಿರಿಯರಾದ ನಾವು ನೋಡಿ ಸಂತೋಷಪಡುತ್ತೇವೆ. ಆದರೆ ಆ ಜೋಯಿಸರು ಯಾರು, ಎಲ್ಲಿಂದ ಹೊರಟರು, ಅಷ್ಟು ದೂರದ ಪ್ರಯಾಣದ ಕಷ್ಟವನ್ನು ಯಾತಕ್ಕೆ ಸಹಿಸಿದರು ಎಂದು ವಿಚಾರಿಸುವವರು ನಮ್ಮಲ್ಲಿ ಸ್ವಲ್ಪವೇ. ಹೀಗೆ ವಿಚಾರಿಸಿದ ಒಬ್ಬ ಮನುಷ್ಯನ ಚರಿತ್ರೆಯನ್ನು ಈ ಹಬ್ಬದ ಕಾಲದಲ್ಲಿ ನಿಮ್ಮ ಮುಂದಿಡುತ್ತೇವೆ. ಅವನು ಉಪದೇಶಿಯಾಗಲಿ ಪಾದ್ರಿಯಾಗಲಿ ಆಗಿರಲಿಲ್ಲ. ಸಿಪಾಯಿಯೂ ವಕೀಲನೂ ಕಥೆಗಾರನೂ ಆಗಿದ್ದನು. ಅವನ ಹೆಸರು ಲ್ಯೂ ವಾಲೆಸ್. ಬೆನ್‌ಹುರ್ ಎಂಬ ಪ್ರಖ್ಯಾತ ಐತಿಹಾಸಿಕ ಕಥೆಯನ್ನು ಬರೆದವನು ಅವನೇ.

ವಾಲೆಸನು ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಇಂಡಿಯಾನದ ಬ್ರೂಕ್‌ವಿಲ್ ಎಂಬ ಊರಿನಲ್ಲಿ 1827ನೆಯ ಇಸವಿಯ ಏಪ್ರಿಲ್ 10ರಲ್ಲಿ ಹುಟ್ಟಿದನು. ಅವನ ತಂದೆಯಾದ ಡೇವಿಡ್ ವಾಲೆಸನು ಮುಂದೆ ಆ ಸಂಸ್ಥಾನದ ಗವರ್ನರನಾದನು. ಹುಡುಗನು ಏಳು ವರುಷದವನಾಗಿದ್ದಾಗಲೇ ತಾಯಿಯು ತೀರಿಹೋದಳು. ತಂದೆಯು 1836ರಲ್ಲಿ ಜೆರೆಲ್ಡ ಎಂಬವಳನ್ನು ಮದುವೆಯಾದನು. ಆಕೆಯು ಭಕ್ತಿವಂತಳು, ಮುಂದಿನ ಕಾಲದಲ್ಲಿ ಮದ್ಯಪಾನ ನಿಷೇಧಕ್ಕಾಗಿಯೂ ಸ್ತ್ರೀಯರ ಹಕ್ಕುಗಳಿಗಾಗಿಯೂ ಬಹಳ ಕೆಲಸ ಮಾಡಿ ಹೆಸರು ಪಡೆದಳು. ತಾಯಿಯಿಲ್ಲದ ಮಕ್ಕಳನ್ನು ಆಕೆಯು ತನ್ನ ಸ್ವಂತ ಮಕ್ಕಳೆಂದೇ ಎಣಿಸಿ ಸಾಕಿದಳು. ಬೆನ್‌ಹುರನ ತಾಯಿಯ ಗುಣಗಳನ್ನು ವಾಲೆಸನು ಈ ಮಲತಾಯಿಯಲ್ಲಿಯೇ ಕಂಡು ಬರೆದನೆಂದು ಹೇಳುವುದುಂಟು.

ಬಾಲ್ಯದಲ್ಲಿ ಅವನು ಶಾಲೆಗೆ ಸರಿಯಾಗಿ ಹೋಗುವವನಲ್ಲ. ಕಾಡಿನಲ್ಲಿ ಅಲೆಯುವುದು, ಚಿತ್ರ ಬರೆಯುವುದು, ಕೈಗೆ ಸಿಕ್ಕಿದ ಪುಸ್ತಕವನ್ನು ಓದುವುದು, ಇವೇ ಅವನಿಗೆ ಇಷ್ಟವಾದವು. ಕಡೆಗೆ ತಂದೆಯು ಬೇಸತ್ತು, ಸುಮಾರು 16 ವರುಷದವನಾದ ಅವನನ್ನು ನಿನ್ನ ಜೀವನವನ್ನು ನೀನೇ ನೋಡಿಕೊಳ್ಳಬೇಕೆಂದು ಬಿಟ್ಟುಬಿಟ್ಟನು. ಆಗ ಅವನು ಸರಕಾರಿ ಕಚೇರಿಯಲ್ಲಿ ದಸ್ತಾವೇಜುಗಳನ್ನು ನಕಲು ಮಾಡುವ ಕೆಲಸಕ್ಕೆ ಸೇರಿ, ರಾತ್ರಿ ಕಾಲದಲ್ಲಿ ಓದುತ್ತ ಬರೆಯುತ್ತ ಇದ್ದನು. ಸ್ಪೇನಿನವರು ಮೆಕ್ಸಿಕೋ ದೇಶವನ್ನು ಜಯಿಸಿದ ಚರಿತ್ರೆಯನ್ನು ಓದಿ ಅದನ್ನೇ ಕಥೆಯಾಗಿ ಬರೆಯತೊಡಗಿದನು. ಆ ಕಥೆಯು ಅಚ್ಚಾದದ್ದು 1873ರಲ್ಲಿ, ಅಂದರೆ ಸುಮಾರು 30 ವರುಷಗಳಾದ ಮೇಲೆ. ಶಾಲೆಯಲ್ಲಿ ತಾಳ್ಮೆಯಿಲ್ಲದ ಹುಡುಗನು ತಾನು ಪ್ರೀತಿಸಿದ ಕೆಲಸದಲ್ಲಿ ಎಷ್ಟು ತಾಳ್ಮೆ ತೋರಿಸಿದನೆಂಬುದನ್ನು ನಮ್ಮ ಯೌವನಸ್ಥರು ಗಮನಿಸಬೇಕು.

1852ರಲ್ಲಿ ಅವನು ಸೂಸನ್ ಎಲ್‌ಸ್ಟನ್ ಎಂಬವಳನ್ನು ವಿವಾಹವಾದನು. ಆಕೆಯೂ ಬರಹಗಾರ್ತಿ, 50 ವರುಷಗಳಿಗಿಂತ ಹೆಚ್ಚು ಕಾಲ ಅವನಿಗೆ ಜೊತೆಗಾತಿಯಾಗಿದ್ದಳು. ಮಾರನೆಯ ವರುಷ ಅವರು ಕ್ರಾಫರ್ಡ್ಸ್‌ವಿಲ್ ಎಂಬ ಊರಿನಲ್ಲಿ ನೆಲೆಸಿದರು. ಅಲ್ಲಿ ಅವನು ವಕೀಲನಾಗಿ ದುಡಿಯುತ್ತಿದ್ದನು.

1861ರಲ್ಲಿ ಗುಲಾಮಗಿರಿಯ ವಿಷಯವಾಗಿ ಅಮೇರಿಕಾದ ಉತ್ತರ ದಕ್ಷಿಣ ಸಂಸ್ಥಾನಗಳಿಗೆ ಯುದ್ಧವಾಯಿತು. ವಾಲೆಸನು ಉತ್ತರದ ಪಕ್ಷದಲ್ಲಿ ಸೇರಿ ಶೂರತನದಿಂದ ಕಾದಾಡಿ, 1862ರ ಮಾರ್ಚ್ ತಿಂಗಳಲ್ಲಿ, 34 ವರುಷದವನಾಗಿದ್ದಾಗಲೇ, ಮೇಜರ್ ಜನರಲನಾದನು. ಆದರೆ ಉನ್ನತಿಯ ಹಿಂದೆಯೇ ಅಪಕೀರ್ತಿಯು ಬಂದಿತು. ಅದೇ ಏಪ್ರಿಲ್ 6ರಲ್ಲಿ ಶೈಲೋ ಎಂಬ ಸ್ಥಳದಲ್ಲಿ ಘೋರವಾದ ಯುದ್ಧವು ನಡೆಯಿತು. ಸೇನಾಪತಿಯಾದ ಗ್ರಾಂಟನ ಅಪ್ಪಣೆಯಂತೆ ವಾಲೆಸನು ತನ್ನ ದಂಡಿನೊಡನೆ ಹೊರಟನು. ಆದರೆ ಅವನು ಹಿಡಿದ ದಾರಿ ಒಂದು, ಅವನು ಬರುವನೆಂದು ಮೇಲಿನವರು ಕಾದಿದ್ದ ದಾರಿ ಇನ್ನೊಂದು. ಹಿಂತಿರುಗಿ ಬೇರೆ ದಾರಿಯಿಂದ ಸೇರುವಷ್ಟರಲ್ಲಿ ಹೊತ್ತು ಮುಳುಗಿ ಆ ದಿನದ ಯುದ್ಧವು ಮುಗಿದುಹೋಗಿತ್ತು. ಆ ಎರಡು ದಿನಗಳಲ್ಲಿ ಎರಡು ಕಡೆಗಳಿಂದಲೂ 23,000ಕ್ಕೆ ಮಿಕ್ಕ ಜನರು ಸತ್ತರು, ಗಾಯಪಟ್ಟರು, ಇಲ್ಲವೆ ಕಾಣದೆ ಹೋದರು. ಇಷ್ಟು ರಕ್ತ ಸುರಿದದ್ದಕ್ಕೆ ಕಾರಣನಾರೆಂದು ಜನರು ಹುಡುಕುವಾಗ, ತಡವಾಗಿ ಬಂದ ವಾಲೆಸನ ಮೇಲೆ ದೋಷವು ಬಿದ್ದಿತು. ಅವನ ಅಧಿಕಾರವೂ ಹೋಯಿತು. 1864ರ ಜುಲೈ 9ರಲ್ಲಿ ಮೊನಾಕಸಿ ನದಿಯ ಬಳಿ ಅವನು ಚಿಕ್ಕ ದಂಡಿನಿಂದ ದೊಡ್ಡ ದಂಡನ್ನು ಒಂದು ದಿನ ತಡೆದು ರಾಜಧಾನಿಯಾದ ವಾಷಿಂಗ್ಟನ್ನನ್ನು ಉಳಿಸುವುದಕ್ಕೆ ಸಹಾಯ ಮಾಡಿದನು. ಆದಾಗ್ಯೂ ಶೈಲೋವಿನ ಕಳಂಕವು ಅವನ ಮನಸ್ಸಿನಿಂದ ಹೋಗಲಿಲ್ಲ.

ಯುದ್ಧವಾದ ಮೇಲೆ ಊರಿಗೆ ಬಂದು ತನ್ನ ವಕೀಲಿಯನ್ನೂ ಕಥೆ ಬರೆಯುವ ಕೆಲಸವನ್ನೂ ಮುಂದರಿಸಿದನು. ಮತ್ತಾಯನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿರುವ ಜೋಯಿಸರ ಸಂಗತಿಯು ಬಾಲ್ಯದಿಂದಲೂ ಅವನ ಮನಸ್ಸನ್ನು ಸೆಳೆಯುತ್ತಿತ್ತು. ಆದಕಾರಣ 1873ರ ಸುಮಾರಿಗೆ ಆ ಜೋಯಿಸರ ಪ್ರಯಾಣವನ್ನೂ ಬೇತ್ಲೆಹೇಮಿನ ಜನನವನ್ನೂ ಕುರಿತು, ಮಾಸಪತ್ರಿಕೆಗೆ ಕೊಡಬೇಕೆಂದು ಒಂದು ಕಥೆಯನ್ನು ಬರೆದು ಮೇಜಿನಲ್ಲಿ ಇಟ್ಟಿದ್ದನು. ಆದರೆ ಆಗ ಅವನು ವಿಶ್ವಾಸಿಯೆಂದು ಹೇಳತಕ್ಕವನಾಗಿರಲಿಲ್ಲ. ಕ್ರಿಸ್ತನನ್ನು ಅಲ್ಲಗಳೆದವನೂ ಅಲ್ಲ, ಅಂಗೀಕರಿಸಿದವನೂ ಅಲ್ಲ. ಆ ವಿಷಯದಲ್ಲಿ ಉದಾಸೀನನಾಗಿದ್ದನು. ಹಬ್ಬದ ಕಥೆಯು ಅವನಿಗೆ ಬರೀ ಅಂದವಾದ ಕಥೆಯಾಗಿತ್ತು.

1876ನೆಯ ಇಸವಿಯ ಸೆಪ್ಟೆಂಬರ್ 19ರ ರಾತ್ರಿ ಅವನು ಹಳೆಯ ಸಿಪಾಯಿಗಳ ಕೂಟಕ್ಕಾಗಿ ಇಂಡಿಯಾನಾಪೊಲಿಸ್ ಪಟ್ಟಣಕ್ಕೆ ರೈಲಿನಲ್ಲಿ ಹೋಗುತ್ತಿದ್ದನು. ಅದೇ ರೈಲಿನಲ್ಲಿ ರಾಬರ್ಟ್ ಇಂಗರ್‌ಸಾಲ್ ಎಂಬವನು ಇದ್ದನು. ಇವನೂ ಶೈಲೋವಿನಲ್ಲಿ ಕಾದಾಡಿದವನು. ಕ್ರೈಸ್ತ ಮತವನ್ನು ಖಂಡಿಸಿ ಮಾತಾಡುವುದರಲ್ಲಿ ಆ ದೇಶದಲ್ಲೆಲ್ಲಾ ಹೆಸರಾದವನು. ಅವನು ವಾಲೆಸನನ್ನು ತನ್ನ ಬಳಿಗೆ ಕರೆದು ಮಾತಿಗೆ ಕೂರಿಸಿಕೊಂಡನು. ದೇವರಿದ್ದಾನೋ, ಪರಲೋಕವಿದೆಯೋ, ಕ್ರಿಸ್ತನು ದೇವಕುಮಾರನು ಹೌದೋ ಎಂಬ ಪ್ರಶ್ನೆಗಳನ್ನು ವಾಲೆಸನು ಮುಂದಿಡಲು, ಇಂಗರ್‌ಸಾಲನು ಊರು ಬರುವ ತನಕ ಒಂದೇ ಸಮನಾಗಿ ಯುಕ್ತಿಯಿಂದಲೂ ಹಾಸ್ಯದಿಂದಲೂ ಪ್ರತಿಯೊಂದನ್ನೂ ನಿರಾಕರಿಸಿ ಮಾತಾಡಿದನು.

ರೈಲು ಇಳಿದ ಮೇಲೆ ವಾಲೆಸನು ಟ್ರಾಮನ್ನು ಹತ್ತದೆ ಕತ್ತಲಲ್ಲಿ ಒಬ್ಬನೇ ಸಹೋದರನ ಮನೆಗೆ ನಡೆದುಹೋದನು. ಆ ವಾದಗಳು ಸರಿಯೋ ತಪ್ಪೋ ಎಂಬುದಕ್ಕಿಂತ ಬೇರೊಂದು ಸಂಗತಿಯು ಅವನನ್ನು ಚುಚ್ಚಿತು. ಅದೇನಂದರೆ, ಅವುಗಳಲ್ಲಿ ಒಂದಕ್ಕಾದರೂ ಉತ್ತರ ಕೊಡುವುದಕ್ಕೆ ತನಗೆ ತಿಳುವಳಿಕೆಯಿಲ್ಲ. ಕ್ರೈಸ್ತರ ದೇಶದಲ್ಲಿ ಹುಟ್ಟಿ, ಅರ್ಧ ಶತಮಾನ ಬದುಕಿ, ಪ್ರತಿ ವರುಷವೂ ಹಬ್ಬವನ್ನು ಆಚರಿಸಿ, ಯಾರ ಹಬ್ಬವನ್ನು ಆಚರಿಸಿದೆನೆಂಬುದನ್ನೇ ತಾನು ಅರಿಯದೆ ಹೋದೆನಲ್ಲಾ ಎಂದು ನಾಚಿಕೆಪಟ್ಟನು. ಅವಿಶ್ವಾಸಿಯ ಮಾತು ಅವನನ್ನು ಅವಿಶ್ವಾಸಕ್ಕೆ ಒಯ್ಯದೆ ವಿಚಾರಣೆಗೆ ಒಯ್ದಿತು. ಮೇಜಿನಲ್ಲಿದ್ದ ಆ ಕಥೆಯನ್ನೇ ಮೊದಲ ಭಾಗವಾಗಿ ಮಾಡಿ ಕರ್ತನ ಮರಣದವರೆಗೂ ಮುಂದರಿಸಿದರೆ, ಬರೆಯುವ ನಿಮಿತ್ತ ತಾನು ಸುವಾರ್ತೆಗಳನ್ನು ಕೂಲಂಕಷವಾಗಿ ಓದಲೇಬೇಕಾಗುವುದೆಂದು ಅವನು ನಿಶ್ಚಯಿಸಿದನು.

ಅವನ ದುಡಿಮೆಯು ಅಸಾಧಾರಣವಾಗಿತ್ತು. ಪರಿಶುದ್ಧ ದೇಶವನ್ನು ಅವನು ಅಲ್ಲಿಯವರೆಗೂ ಕಂಡವನಲ್ಲ. ಆದಕಾರಣ ದೊಡ್ಡ ಪುಸ್ತಕಶಾಲೆಗಳಿಗೆ ಹೋಗಿ ಆ ದೇಶದ ಬೆಟ್ಟ, ಹಳ್ಳ, ಮರ, ಪಕ್ಷಿ, ಉಡುಪು, ರೋಮನರ ಹಡಗು, ರಥ ಮೊದಲಾದ ಪ್ರತಿಯೊಂದನ್ನೂ ಶೋಧಿಸಿದನು. ನಕ್ಷೆಯನ್ನು ಮುಂದಿಟ್ಟುಕೊಂಡು ಬರೆದನು. ಬೇಸಗೆಯಲ್ಲಿ ತನ್ನ ಮನೆಯ ಹತ್ತಿರದ ಒಂದು ದೊಡ್ಡ ಮರದ ನೆರಳಿನಲ್ಲಿ ಕೂತು ಬರೆಯುವುದು ಅವನ ವಾಡಿಕೆ. ಕರ್ತನ ವಿಷಯದಲ್ಲಿ ಅವನು ಎರಡು ನಿಯಮಗಳನ್ನು ಇಟ್ಟುಕೊಂಡನು. ಕಥೆಯಲ್ಲಿ ಆತನು ವಿರಳವಾಗಿ ಮಾತ್ರ ಕಾಣಿಸಬೇಕು. ಆತನ ಬಾಯಿಂದ ಸುವಾರ್ತೆಗಳಲ್ಲಿಲ್ಲದ ಮಾತು ಒಂದೂ ಬರಬಾರದು.

1878ರಲ್ಲಿ ಸರಕಾರವು ಅವನನ್ನು ನ್ಯೂ ಮೆಕ್ಸಿಕೋ ಪ್ರಾಂತಕ್ಕೆ ಗವರ್ನರನಾಗಿ ಕಳುಹಿಸಿತು. ಅಲ್ಲಿ ಕೊಲೆ, ಸುಲಿಗೆ, ಪಕ್ಷಗಳ ಹಗೆತನ ತುಂಬಿದ್ದವು. ಹಗಲೆಲ್ಲಾ ಇಂಥವುಗಳನ್ನು ಅಡಗಿಸುವ ಚಿಂತೆಯಲ್ಲಿದ್ದು, ರಾತ್ರಿಯಲ್ಲಿ ಸಾಂಟಾ ಫೆ ಪಟ್ಟಣದ ಮಣ್ಣುಗೋಡೆಯ ಹಳೆಯ ಅರಮನೆಯೊಳಗೆ, ದುಷ್ಟರು ಗುಂಡು ಹಾರಿಸಿಯಾರೆಂದು ಕಿಟಿಕಿಗಳನ್ನು ಮುಚ್ಚಿ, ದೀಪದ ಬೆಳಕಿನಲ್ಲಿ ಅವನು ಕಲ್ವಾರಿಯ ಅಧ್ಯಾಯಗಳನ್ನು ಬರೆದನು. ಹಸ್ತಪ್ರತಿಯನ್ನು ನ್ಯೂಯಾರ್ಕಿಗೆ ತಾನೇ ಒಯ್ದನು. 1880ರ ನವೆಂಬರ್ 12ರಲ್ಲಿ ಪುಸ್ತಕವು ಪ್ರಕಟವಾಯಿತು. ಮೊದಲಿನ ತಿಂಗಳುಗಳಲ್ಲಿ ಅದನ್ನು ಕೊಂಡವರು ಕೆಲವೇ ಸಾವಿರ ಮಂದಿ. ಆಮೇಲೆ ವರುಷದಿಂದ ವರುಷಕ್ಕೆ ಬೆಳೆದು, ಆ ಶತಮಾನದ ಅಮೇರಿಕದ ಕಥೆಗಳಲ್ಲೆಲ್ಲಾ ಹೆಚ್ಚಾಗಿ ಮಾರಾಟವಾದುದು ಇದೇ ಆಯಿತು. ಅನೇಕ ಭಾಷೆಗಳಿಗೂ ತರ್ಜುಮೆಯಾಯಿತು.

ಕಥೆಯ ಸಾರಾಂಶವು ಹೀಗಿದೆ. ಯೆರೂಸಲೇಮಿನ ಯೂದ ಬೆನ್‌ಹುರ್ ಎಂಬ ಯೌವನಸ್ಥನ ಮನೆಯ ಮಾಳಿಗೆಯಿಂದ ಹೆಂಚೊಂದು ಜಾರಿ ರೋಮನ್ ಅಧಿಪತಿಯ ಮೇಲೆ ಬೀಳುತ್ತದೆ. ಬಾಲ್ಯ ಸ್ನೇಹಿತನಾದ ಮೆಸ್ಸಾಲನೇ ಅವನನ್ನು ಕೊಲೆಗಾರನೆಂದು ಹಿಡಿದುಕೊಡುತ್ತಾನೆ. ಬೆನ್‌ಹುರನು ಹಡಗಿನಲ್ಲಿ ಹುಟ್ಟು ಹಾಕುವ ಗುಲಾಮನಾಗುತ್ತಾನೆ. ತಾಯಿಯೂ ತಂಗಿಯೂ ಸೆರೆಯಲ್ಲಿ ಕುಷ್ಠರೋಗಿಗಳಾಗುತ್ತಾರೆ. ಸಂಕೋಲೆಯಲ್ಲಿ ನಡೆದುಹೋಗುವಾಗ ನಜರೇತಿನ ಒಬ್ಬ ಬಡಗಿಯ ಮಗನು ಅವನಿಗೆ ನೀರು ಕೊಡುತ್ತಾನೆ. ಮುಂದೆ ಬೆನ್‌ಹುರನು ಬಿಡುಗಡೆ ಹೊಂದಿ, ಐಶ್ವರ್ಯವಂತನಾಗಿ, ರಥದ ಓಟದಲ್ಲಿ ತನ್ನ ಶತ್ರುವನ್ನು ಜಯಿಸುತ್ತಾನೆ. ಕತ್ತಿಯಿಂದ ರಾಜ್ಯವನ್ನು ಸ್ಥಾಪಿಸುವ ಅರಸನಿಗಾಗಿ ಕಾಯುತ್ತಾನೆ. ಕಡೆಗೆ ಅವನು ಕಾಣುವ ಅರಸನು ಶಿಲುಬೆಯ ಮೇಲಿರುತ್ತಾನೆ. ಆಗ ಅವನ ಕತ್ತಿಯೂ ಸೇಡೂ ಕೆಳಗೆ ಬೀಳುತ್ತವೆ. ತನ್ನ ಸೊತ್ತನ್ನು ಹಿಂಸೆಗೊಳಗಾದ ಸಭೆಯ ಸಹಾಯಕ್ಕಾಗಿ ವೆಚ್ಚ ಮಾಡುತ್ತಾನೆ.

ಈ ಪುಸ್ತಕದ ಜೋಯಿಸರಲ್ಲಿ ಒಬ್ಬನು ನಮ್ಮ ಇಂಡಿಯಾ ದೇಶದವನೆಂಬುದು ನಮಗೆ ವಿಶೇಷವಾಗಿ ರುಚಿಸತಕ್ಕದ್ದು. ಗಾಸ್ಪಾರನು ಗ್ರೀಕನು, ಬಲ್ತಜಾರನು ಐಗುಪ್ತದವನು, ಮೆಲ್ಕಿಯೋರನು ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಹಿಂದೂ. ಕರ್ಮಾಚರಣೆಗಿಂತ ಪ್ರೀತಿಯೇ ದೊಡ್ಡದೆಂದು ಹೇಳಿದ್ದರಿಂದ ಇವನು ಜಾತಿಭ್ರಷ್ಟನಾಗಿ, ಏಕಾಂತದಲ್ಲಿ ಪ್ರಾರ್ಥಿಸುತ್ತಿರುವಾಗ ಕರೆ ಹೊಂದಿದನೆಂದು ವಾಲೆಸನು ಬರೆದನು. ಹೀಗೆ ಗ್ರೀಕನಲ್ಲಿ ನಂಬಿಕೆಯನ್ನೂ ಹಿಂದೂವಿನಲ್ಲಿ ಪ್ರೀತಿಯನ್ನೂ ಐಗುಪ್ತದವನಲ್ಲಿ ಸತ್ಕ್ರಿಯೆಯನ್ನೂ ತೋರಿಸಿದನು. ಇದು ಕಥೆಗಾರನ ಕಲ್ಪನೆಯೆಂಬುದನ್ನು ನಾವು ಮರೆಯಬಾರದು. ಸತ್ಯವೇದವು ಜೋಯಿಸರ ಹೆಸರನ್ನಾಗಲಿ ಎಣಿಕೆಯನ್ನಾಗಲಿ ಹೇಳಲಿಲ್ಲ. ಆದರೂ ಕರ್ತನ ತೊಟ್ಟಿಲ ಬಳಿಯಲ್ಲಿ ಅನ್ಯ ಜನಾಂಗಗಳಿಗೆ ಮೊದಲಿನಿಂದಲೇ ಸ್ಥಳವಿತ್ತೆಂಬುದು ಕಲ್ಪನೆಯಲ್ಲ. ಕ್ರಿಸ್ತನಿಗಾಗಿ ಬಂಧುಬಳಗದಿಂದ ಹೊರಗೆ ಹಾಕಲ್ಪಟ್ಟ ಹಿರಿಯರನ್ನು ಕಂಡಿರುವ ನಮ್ಮ ಸಭೆಗಳಿಗೆ ಮೆಲ್ಕಿಯೋರನು ಅಪರಿಚಿತನಲ್ಲ.

ಅಮೇರಿಕದ ಅಧ್ಯಕ್ಷನಾದ ಗಾರ್‌ಫೀಲ್ಡನು 1881ರಲ್ಲಿ ಆ ಪುಸ್ತಕವನ್ನು ಓದಿ ಬಹಳ ಮೆಚ್ಚಿ, ವಾಲೆಸನನ್ನು ತುರ್ಕರ ರಾಜಧಾನಿಯಾದ ಕಾನ್ಸ್ಟಾಂಟಿನೋಪಲಿಗೆ ರಾಯಭಾರಿಯಾಗಿ ಕಳುಹಿಸಿದನು. 1885ರ ವರೆಗೆ ಅಲ್ಲಿದ್ದ ವಾಲೆಸನು ಯೆರೂಸಲೇಮನ್ನು ಕಣ್ಣಾರೆ ಕಂಡು, ತಾನು ಬರೆದ ವರ್ಣನೆಗಳಲ್ಲಿ ತಿದ್ದತಕ್ಕದ್ದು ಕಾಣಲಿಲ್ಲವೆಂದು ಸಂತೋಷಪಟ್ಟನು. ಆಮೇಲೆ ಕರ್ತನ ಬಾಲ್ಯವನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನೂ, 1893ರಲ್ಲಿ ಕಾನ್ಸ್ಟಾಂಟಿನೋಪಲಿನ ಪತನವನ್ನು ಕುರಿತ ದೊಡ್ಡ ಕಥೆಯನ್ನೂ ಬರೆದನು. 1899ರಲ್ಲಿ ಬೆನ್‌ಹುರ್ ಕಥೆಯನ್ನು ನಾಟಕವಾಗಿ ಆಡಿಸುವಾಗ ಕ್ರಿಸ್ತನ ವೇಷವನ್ನು ಯಾವ ಮನುಷ್ಯನೂ ಧರಿಸಬಾರದೆಂದು ಅವನು ಹಟಹಿಡಿದದ್ದರಿಂದ, ಆತನಿಗೆ ಬದಲಾಗಿ ಬೆಳಕಿನ ಒಂದು ಕಿರಣವನ್ನು ಮಾತ್ರ ತೋರಿಸಿದರು. 1905ರ ಫೆಬ್ರವರಿ 15ರಲ್ಲಿ, 77 ವರುಷದವನಾಗಿ, ಕ್ರಾಫರ್ಡ್ಸ್‌ವಿಲ್ಲಿನ ತನ್ನ ಮನೆಯಲ್ಲಿ ಅವನು ತೀರಿಹೋದನು. ಅರ್ಧಕ್ಕೆ ನಿಂತಿದ್ದ ಅವನ ಆತ್ಮಚರಿತ್ರೆಯನ್ನು ಹೆಂಡತಿಯು ಪೂರೈಸಿ 1906ರಲ್ಲಿ ಪ್ರಕಟಿಸಿದಳು.

ಈ ಮನುಷ್ಯನಲ್ಲಿ ಕೊರತೆಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ಗ್ರಾಂಟನು ತನ್ನ ಅಂತ್ಯಕಾಲದಲ್ಲಿ, 1885ರಲ್ಲಿ, ಶೈಲೋವಿನ ವಿಷಯವಾದ ತನ್ನ ದೂರನ್ನು ಒಂದು ಟಿಪ್ಪಣಿಯ ಮೂಲಕ ಸ್ವಲ್ಪ ಸಡಿಲಿಸಿದರೂ, ವಾಲೆಸನು ತನ್ನ ನಿರಪರಾಧವನ್ನು ಸ್ಥಾಪಿಸುವ ಪ್ರಯತ್ನವನ್ನು ಮುದಿಪ್ರಾಯದ ವರೆಗೂ ಬಿಡಲಿಲ್ಲ. ಬೆನ್‌ಹುರನು ಶಿಲುಬೆಯ ಬುಡದಲ್ಲಿ ಇಳಿಸಿದ ಹೊರೆಯನ್ನು ಬೆನ್‌ಹುರನನ್ನು ಸೃಷ್ಟಿಸಿದವನು ಪೂರ್ತಿಯಾಗಿ ಇಳಿಸಲಾರದೆ ಹೋದನು. ಕ್ಷಮೆಯನ್ನು ಕುರಿತು ಬರೆಯುವುದು ಸುಲಭ, ಹೊಲದ ಗಡಿಗಾಗಿ ನಮ್ಮನ್ನು ಕಚೇರಿಗೆ ಎಳೆದ ನೆರೆಯವನ ಮನೆಗೆ ಹಬ್ಬದ ದಿನ ಹೋಗುವುದು ಕಷ್ಟ. ಇದಲ್ಲದೆ ತಾನು ಕ್ರಿಸ್ತನಲ್ಲಿ ನಂಬಿಕೆಯಿಟ್ಟೆನೆಂದು ಬಹಿರಂಗವಾಗಿ ಹೇಳಿದರೂ ಅವನು ಯಾವ ಸಭೆಯಲ್ಲಿಯೂ ಸೇರಲಿಲ್ಲ. ಒಂಟಿ ಕೆಂಡವು ಬೇಗನೆ ಆರುವುದೆಂದು ತಿಳಿದಿರುವ ನಾವು ಇದನ್ನು ಅನುಸರಿಸತಕ್ಕದ್ದಲ್ಲ.

ಆದರೆ ನಮ್ಮ ಕೊರತೆಯು ಇದಕ್ಕೆ ವಿರುದ್ಧವಾದದ್ದು. ಅವನು ವಿಚಾರಿಸಿದನು, ಸಭೆಯ ಪಟ್ಟಿಯಲ್ಲಿ ಅವನ ಹೆಸರಿಲ್ಲ. ನಮ್ಮ ಹೆಸರು ಪಟ್ಟಿಯಲ್ಲಿದೆ, ನಾವು ವಿಚಾರಿಸಲಿಲ್ಲ. ಸಂತೆಯಲ್ಲಿಯೋ ಬಾವಿಕಟ್ಟೆಯಲ್ಲಿಯೋ ನೆರೆಯವನೊಬ್ಬನು ನಿಮ್ಮ ಕ್ರಿಸ್ತನು ಯಾರೆಂದು ಕೇಳಿದರೆ, ಅದು ಉಪದೇಶಿಗೆ ತಿಳಿದಿರುವುದೆಂದು ನಾವು ತಪ್ಪಿಸಿಕೊಳ್ಳುತ್ತೇವಷ್ಟೆ? ವಾಲೆಸನ ನಾಚಿಕೆಯು ನಮಗೂ ಬರಲಿ. ಸಾಲ ಮಾಡಿ ಹೊಸ ಬಟ್ಟೆ ಕೊಳ್ಳುವುದಕ್ಕೆ ಮುಂಚೆ, ಹಬ್ಬದ ವರೆಗಿನ ರಾತ್ರಿಗಳಲ್ಲಿ ಪ್ರತಿ ಮನೆಯಲ್ಲಿ ದೀಪದ ಬಳಿ ಕೂತು, ಓದುಬಲ್ಲವನು ಓದಿ ಅರಿಯದವರು ಕೇಳಿ, ಮತ್ತಾಯನ ಸುವಾರ್ತೆಯನ್ನು ಮೊದಲಿನಿಂದ ಕಡೆಯ ವರೆಗೆ ಮುಗಿಸೋಣ. ಜೋಯಿಸರು ಸಹ ಬೇತ್ಲೆಹೇಮನ್ನು ಸೇರುವುದಕ್ಕೆ ಮುಂಚೆ ಯೆರೂಸಲೇಮಿನಲ್ಲಿ ವಿಚಾರಿಸಿದರು. ಹಾಗೆ ವಿಚಾರಿಸಿ ಹೊರಟವರಿಗೆ ನಕ್ಷತ್ರವು ತಿರಿಗಿ ಕಾಣಿಸಿತು.