ಜೆರುಸಲೇಮಿನ ಬಡವರಿಗೆ ಸಂತ ಪೌಲರ ಕಾಣಿಕೆ

ಪ್ರೇಷಿತ ಪೌಲರ ಜೀವನಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ದಮಸ್ಕಸ್ಸಿನ ಹಾದಿಯ ಬೆಳಕಿನಿಂದ ಆರಂಭಿಸಿ, ರೋಮಾಪುರಿಯ ಖಡ್ಗದೊಂದಿಗೆ ಮುಗಿಸುತ್ತಾರೆ. ಅವರ ಪ್ರಯಾಣಗಳು, ಪತ್ರಗಳು, ಸೆರೆವಾಸಗಳು ಎಲ್ಲವೂ ಈ ಎರಡರ ನಡುವೆ ಬಂದುಹೋಗುತ್ತವೆ. ಆದರೆ ಅವರನ್ನು ಕೊನೆಗೆ ಸಂಕೋಲೆಗೆ ಒಯ್ದ ಪ್ರಯಾಣವು ಬಡವರಿಗಾಗಿ ಸಂಗ್ರಹಿಸಿದ ಕಾಣಿಕೆಯನ್ನು ಮುಟ್ಟಿಸುವ ಪ್ರಯಾಣವಾಗಿತ್ತೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಆದಿ ಧರ್ಮಸಭೆಯು ಒಂದೇ ಸಭೆಯಾಗಿ ಉಳಿಯುವುದೋ, ಎರಡಾಗಿ ಒಡೆಯುವುದೋ ಎಂಬ ಪ್ರಶ್ನೆಯು ಆ ಕಾಣಿಕೆಯೊಡನೆ ಬೆಸೆದುಕೊಂಡಿತ್ತು.

ಪೌಲರು ಸಿಲಿಸಿಯ ಪ್ರಾಂತದ ತಾರ್ಸ ಪಟ್ಟಣದವರು. ಜನ್ಮತಃ ಯೆಹೂದ್ಯರು, ರೋಮನ್ ಪೌರತ್ವವುಳ್ಳವರು. ಜೆರುಸಲೇಮಿನಲ್ಲಿ ಗಮಲಿಯೇಲನೆಂಬ ಪ್ರಖ್ಯಾತ ಗುರುವಿನ ಬಳಿ ಧರ್ಮಶಾಸ್ತ್ರವನ್ನು ಕಲಿತರು. ಕಸುಬಿನಲ್ಲಿ ಗುಡಾರ ಮಾಡುವವರು. ಸಂತ ಸ್ತೇಫನರ ಮೇಲೆ ಕಲ್ಲೆಸೆದವರ ಬಟ್ಟೆಗಳನ್ನು ಕಾಯುತ್ತಾ ನಿಂತಿದ್ದ ಈ ಯುವಕನೇ, ಯೇಸುಸ್ವಾಮಿಯ ಪುನರುತ್ಥಾನದ ಕೆಲವೇ ವರ್ಷಗಳಲ್ಲಿ, ಹಿಂಸಿಸಲು ಹೊರಟ ದಾರಿಯಲ್ಲಿಯೇ ಅದೇ ಸ್ವಾಮಿಯ ಸೇವಕನಾದ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಜೆರುಸಲೇಮಿನ ವಿಶ್ವಾಸಿಗಳು ಬಹುಕಾಲ ಅವರನ್ನು ನಂಬಲಿಲ್ಲ. ಅವರ ಪರವಾಗಿ ನಿಂತು ಪ್ರೇಷಿತರ ಬಳಿಗೆ ಕರೆದೊಯ್ದವರು ಬಾರ್ನಬರು. ಮುಂದೆ ತಾರ್ಸಕ್ಕೆ ಹೋಗಿ ಅವರನ್ನು ಹುಡುಕಿ ಅಂತಿಯೋಕ್ಯಕ್ಕೆ ಕರೆತಂದವರೂ ಬಾರ್ನಬರೇ.

ಸಿರಿಯ ಪ್ರಾಂತದ ಆ ಅಂತಿಯೋಕ್ಯದಲ್ಲಿಯೇ ಯೇಸುವಿನ ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊಟ್ಟಮೊದಲು ಬಂದಿತು. ಅಲ್ಲಿ ಯೆಹೂದ್ಯರೂ ಗ್ರೀಕರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಪಂಕ್ತಿಭೇದವೆಂದರೇನೆಂದು ಬಲ್ಲ ನಮ್ಮ ನಾಡಿನವರಿಗೆ ಅದು ಎಷ್ಟು ದೊಡ್ಡ ಮಾತೆಂಬುದನ್ನು ವಿವರಿಸಬೇಕಾಗಿಲ್ಲ. ಸುನ್ನತಿ ಮಾಡಿಸಿಕೊಳ್ಳದ, ಮೋಶೆಯ ನಿಯಮವನ್ನು ಪಾಲಿಸದ ಅನ್ಯಜನರು ಧರ್ಮಸಭೆಯ ಪೂರ್ಣ ಸದಸ್ಯರಾಗಬಲ್ಲರೇ? ಸುಮಾರು 49ರಲ್ಲಿ ಜೆರುಸಲೇಮಿನಲ್ಲಿ ನಡೆದ ಸಮಾಲೋಚನೆಯಲ್ಲಿ ಈ ಪ್ರಶ್ನೆಯು ಪೌಲರ ಪರವಾಗಿ ತೀರ್ಮಾನವಾಯಿತು. ಯಕೋಬ, ಪೇತ್ರ, ಯೊವಾನ್ನರು ಪೌಲ-ಬಾರ್ನಬರ ಕೈಹಿಡಿದು ಅನ್ಯಜನರ ನಡುವಣ ಸೇವೆಯನ್ನು ಒಪ್ಪಿಸಿದರು. ಬಡವರನ್ನು ಮರೆಯಬಾರದೆಂಬ ಒಂದೇ ಮಾತನ್ನು ಕೇಳಿಕೊಂಡರು. ಕ್ಲೌದಿಯ ಚಕ್ರವರ್ತಿಯ ಆಳ್ವಿಕೆಯಲ್ಲಿ ಬಿದ್ದ ಬರಗಾಲದಿಂದ ಜೆರುಸಲೇಮಿನ ಸಭೆ ಬಹಳವಾಗಿ ನೊಂದಿತ್ತು.

ತೀರ್ಮಾನವಾದ ಮಾತ್ರಕ್ಕೆ ಮನಸ್ಸುಗಳು ಬದಲಾಗಲಿಲ್ಲ. ಅಂತಿಯೋಕ್ಯಕ್ಕೆ ಬಂದ ಪೇತ್ರರು ಮೊದಲು ಅನ್ಯಜನರೊಡನೆ ಉಣ್ಣುತ್ತಿದ್ದವರು, ಯಕೋಬರ ಕಡೆಯವರು ಬಂದೊಡನೆ ಹಿಂಜರಿದು ದೂರ ಸರಿದರು. ಬಾರ್ನಬರೂ ಅವರ ಜೊತೆಗೂಡಿದರು. ಪೌಲರು ಎಲ್ಲರ ಮುಂದೆಯೇ ಪೇತ್ರರನ್ನು ಪ್ರತಿಭಟಿಸಿದರು. ಇಬ್ಬರು ಮಹಾಸಂತರ ನಡುವಣ ಈ ಪ್ರಸಂಗವನ್ನು ಮರೆಮಾಚಬೇಕೆಂದು ಕೆಲವರಿಗೆ ಅನ್ನಿಸಬಹುದು. ಪವಿತ್ರ ಗ್ರಂಥವು ಮರೆಮಾಚಿಲ್ಲ. ಆದರೆ ಪೌಲರು ಹೊಸ ಪಂಗಡವೊಂದನ್ನು ಕಟ್ಟಿಕೊಂಡು ಹೊರನಡೆಯಲಿಲ್ಲ. ತಮ್ಮನ್ನು ಸಂದೇಹದಿಂದ ನೋಡುವವರಿದ್ದ ಜೆರುಸಲೇಮಿಗಾಗಿಯೇ ಊರೂರು ಸುತ್ತಿ ಕಾಣಿಕೆ ಎತ್ತಿದರು.

ಆಗ ಧರ್ಮಸಭೆಗೆ ದೇವಾಲಯಗಳಿರಲಿಲ್ಲ, ನಿಧಿಯಿರಲಿಲ್ಲ. ವಿಶ್ವಾಸಿಗಳು ಮನೆಗಳಲ್ಲಿ ಸೇರುತ್ತಿದ್ದರು. ಕೊರಿಂಥದಲ್ಲಿ ಪೌಲರು ಒಂದೂವರೆ ವರ್ಷ ತಂಗಿದ್ದು, ರೋಮಿನಿಂದ ಹೊರದೂಡಲ್ಪಟ್ಟಿದ್ದ ಅಕ್ವಿಲ-ಪ್ರಿಸ್ಕಿಲ್ಲ ದಂಪತಿಗಳೊಡನೆ ಗುಡಾರ ಹೊಲಿದು ಹೊಟ್ಟೆ ಹೊರೆದರು. ಅಂದಿನ ರಾಜ್ಯಪಾಲ ಗಲ್ಲಿಯೋನನ ಹೆಸರಿರುವ ಶಿಲಾಶಾಸನವು ಗ್ರೀಸಿನ ದೆಲ್ಫಿಯಲ್ಲಿ ದೊರೆತಿರುವುದರಿಂದ ಇದು 51ರ ಆಸುಪಾಸಿನ ಮಾತೆಂದು ತಿಳಿಯುತ್ತದೆ. ಅದೇ ಕೊರಿಂಥದವರಿಗೆ ಮುಂದೆ ಪತ್ರ ಬರೆದು, ವಾರದ ಮೊದಲ ದಿನದಂದು ಪ್ರತಿಯೊಬ್ಬರೂ ತಮ್ಮ ಗಳಿಕೆಗೆ ತಕ್ಕಂತೆ ಏನನ್ನಾದರೂ ಮನೆಯಲ್ಲಿ ತೆಗೆದಿಡಬೇಕೆಂದು ವಿಧಿಸಿದರು. ತಾವು ಬಂದಾಗ ಅವಸರದಲ್ಲಿ ಕೈಚಾಚುವುದು ಅವರಿಗೆ ಬೇಕಿರಲಿಲ್ಲ.

ಕೊರಿಂಥದವರು ಉತ್ಸಾಹದಿಂದ ಆರಂಭಿಸಿ ಬಳಿಕ ಕೈಬಿಟ್ಟರು. ಪೌಲರು ಸಂಬಳ ಬೇಡವೆಂದದ್ದು ಕಪಟ, ಕಾಣಿಕೆಯ ನೆಪದಲ್ಲಿ ಹಣ ಕಬಳಿಸುವ ಉಪಾಯ ಎಂಬ ಗುಸುಗುಸು ಮಾತೂ ಹುಟ್ಟಿತು. ಹಣ ಇರುವಲ್ಲಿ ಇಂಥ ಮಾತು ಇಂದೂ ಹೊಸದಲ್ಲ. ಪೌಲರು ಕೋಪದಿಂದ ಕಾಣಿಕೆಯನ್ನು ನಿಲ್ಲಿಸಲಿಲ್ಲ, ಲೆಕ್ಕವನ್ನು ಬಿಗಿಗೊಳಿಸಿದರು. ತೀತರನ್ನೂ, ಸಭೆಗಳ ವಿಶ್ವಾಸ ಗಳಿಸಿದ್ದ ಬೇರೆ ಇಬ್ಬರನ್ನೂ ಕಳುಹಿಸಿ, ಹಣವನ್ನು ತಾವೊಬ್ಬರೇ ಮುಟ್ಟದಂತೆ ಏರ್ಪಡಿಸಿದರು. ಮಕೆದೋನಿಯದ ಸಭೆಗಳವರು ಸ್ವತಃ ಕಡುಬಡವರಾಗಿದ್ದರೂ ತಮಗೂ ಪಾಲು ಬೇಕೆಂದು ಅಂಗಲಾಚಿದ ಸಂಗತಿಯನ್ನು ತಿಳಿಸಿ, ಅನುಕೂಲಸ್ಥರಾದ ಕೊರಿಂಥದವರನ್ನು ಮೃದುವಾಗಿ ನಾಚಿಸಿದರು. ಪೌಲರ ಪತ್ರಗಳಲ್ಲಿ ದಾನಿಗಳ ಪಟ್ಟಿಯಿಲ್ಲ, ಒಟ್ಟು ಮೊತ್ತವೂ ಇಲ್ಲ. ಸ್ಮರಣ ಸಂಚಿಕೆಗಳನ್ನು ಹೊರತರುವ ನಮ್ಮಂಥವರಿಗೆ ಇದು ಸ್ವಲ್ಪ ಆಶ್ಚರ್ಯವೇ ಸರಿ.

57ರ ಸುಮಾರಿಗೆ ಹಣ ಕೂಡಿತು. ಕೊರಿಂಥದಿಂದ ರೋಮಿನವರಿಗೆ ಪತ್ರ ಬರೆದ ಪೌಲರು, ತಮಗೆ ಸ್ಪೇನ್ ದೇಶದವರೆಗೆ ಹೋಗುವ ಆಸೆಯಿದೆಯೆಂದೂ, ಅದಕ್ಕೆ ಮೊದಲು ಜೆರುಸಲೇಮಿಗೆ ಹೋಗಲೇಬೇಕೆಂದೂ ತಿಳಿಸಿದರು. ತಮ್ಮ ಭಯವನ್ನೂ ಬಚ್ಚಿಡಲಿಲ್ಲ. ವಿರೋಧಿಗಳಿಂದ ಪ್ರಾಣಭಯವಿರುವುದು ಒಂದು ಕಡೆ. ತಂದ ಕಾಣಿಕೆಯನ್ನು ಅಲ್ಲಿನ ವಿಶ್ವಾಸಿಗಳೇ ಒಪ್ಪುವರೋ ಇಲ್ಲವೋ ಎಂಬ ಅಳುಕು ಮತ್ತೊಂದು ಕಡೆ. ಎರಡಕ್ಕೂ ಪ್ರಾರ್ಥನೆ ಬೇಡಿದರು. ಅನ್ಯಜನರ ಹಣವನ್ನು ಜೆರುಸಲೇಮ್ ಸ್ವೀಕರಿಸಿದರೆ ಅವರನ್ನು ಸೋದರರೆಂದು ಒಪ್ಪಿದಂತೆ. ತಿರಸ್ಕರಿಸಿದರೆ ಪೌಲರ ಇಪ್ಪತ್ತು ವರ್ಷಗಳ ದುಡಿಮೆಯನ್ನೇ ತಳ್ಳಿಹಾಕಿದಂತೆ.

ಅವರೊಡನೆ ಬೆರೋಯ, ಥೆಸಲೋನಿಕ, ದೆರ್ಬೆ, ಏಷ್ಯ ಪ್ರಾಂತ ಮುಂತಾದೆಡೆಯ ಏಳು ಮಂದಿ ಹೊರಟರು. ಎಫೆಸದ ತ್ರೊಫಿಮನು ಅವರಲ್ಲೊಬ್ಬನು. ದಾರಿಯುದ್ದಕ್ಕೂ ಎಚ್ಚರಿಕೆಗಳೇ. ಸೆಜರೇಯದಲ್ಲಿ ಅಗಬನೆಂಬ ಪ್ರವಾದಿಯು ಪೌಲರ ನಡುಕಟ್ಟಿನಿಂದ ತನ್ನ ಕೈಕಾಲುಗಳನ್ನೇ ಬಿಗಿದುಕೊಂಡು ಮುಂದಾಗಲಿರುವುದನ್ನು ತೋರಿಸಿದನು. ಜೊತೆಯವರು ಅತ್ತರು, ಪೌಲರು ನಿಲ್ಲಲಿಲ್ಲ.

ಜೆರುಸಲೇಮಿನಲ್ಲಿ ಯಕೋಬರೂ ಹಿರಿಯರೂ ಆದರದಿಂದ ಬರಮಾಡಿಕೊಂಡರು. ಪೌಲರು ಮೋಶೆಯ ನಿಯಮವನ್ನು ತೊರೆಯಲು ಬೋಧಿಸುತ್ತಾರೆಂಬ ವದಂತಿಯನ್ನು ಶಮನಗೊಳಿಸಲು, ಹರಕೆ ಹೊತ್ತ ನಾಲ್ವರೊಡನೆ ದೇವಾಲಯಕ್ಕೆ ಹೋಗಿ ಅವರ ವೆಚ್ಚವನ್ನು ವಹಿಸಿಕೊಳ್ಳುವಂತೆ ಸೂಚಿಸಿದರು. ಪೌಲರು ಒಪ್ಪಿದರು. ಅನ್ಯಜನರ ಸ್ವಾತಂತ್ರ್ಯಕ್ಕಾಗಿ ಪೇತ್ರರೊಡನೆ ಸೆಣಸಿದವರು ಯೆಹೂದ್ಯ ಸೋದರರ ಮನಸ್ಸಮಾಧಾನಕ್ಕಾಗಿ ತಲೆಬಾಗಿದ್ದನ್ನು ಕೆಲವರು ದೌರ್ಬಲ್ಯವೆನ್ನುವರು, ನನಗೆ ಹಾಗನ್ನಿಸುವುದಿಲ್ಲ.

ಆ ದೇವಾಲಯದ ಒಳ ಪ್ರಾಕಾರವನ್ನು ಅನ್ಯಜನರು ದಾಟಕೂಡದು, ದಾಟಿದವನ ಸಾವಿಗೆ ಅವನೇ ಹೊಣೆ ಎಂದು ಗ್ರೀಕ್ ಭಾಷೆಯಲ್ಲಿ ಕೊರೆದ ಕಲ್ಲೊಂದು 1871ರಲ್ಲಿ ಸಿಕ್ಕಿದ್ದು, ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಪೌಲರು ತ್ರೊಫಿಮನನ್ನು ಆ ಗಡಿ ದಾಟಿಸಿದರೆಂಬ ಸುಳ್ಳು ಸುದ್ದಿ ಹಬ್ಬಿ, ಜನರು ಅವರನ್ನು ಹೊರಗೆಳೆದು ಬಡಿದರು. ರೋಮನ್ ಸೇನಾಧಿಕಾರಿ ಬಂದು ಬಿಡಿಸಿ ಸಂಕೋಲೆ ತೊಡಿಸಿದನು. ಕಾಣಿಕೆಯ ಜೊತೆಗೆ ಬಂದವನ ಹೆಸರಿನಿಂದಲೇ ಪೌಲರು ಸೆರೆಯಾದರು.

ಮುಂದಿನದು ಸೆಜರೇಯದಲ್ಲಿ ಎರಡು ವರ್ಷಗಳ ಬಂಧನ. ರಾಜ್ಯಪಾಲ ಫೆಲಿಕ್ಸನ ಎದುರು, ತಾವು ಸ್ವಜನರಿಗಾಗಿ ದಾನದ ಹಣ ತಂದಿದ್ದಾಗಿ ಪೌಲರು ಒಮ್ಮೆ ಹೇಳಿದರು. ಆ ಮಾತನ್ನು ಕೇಳಿದ ಫೆಲಿಕ್ಸನು ಲಂಚಕ್ಕಾಗಿ ಕಾದನು. ಲಂಚ ಬರಲಿಲ್ಲ, ಬಿಡುಗಡೆಯೂ ಆಗಲಿಲ್ಲ. ಜೆರುಸಲೇಮಿನವರು ಕಾಣಿಕೆಯನ್ನು ಹೇಗೆ ಸ್ವೀಕರಿಸಿದರೆಂಬುದನ್ನು, ಅಷ್ಟೊಂದು ವಿವರಗಳನ್ನು ಬರೆದಿಟ್ಟ ಸಂತ ಲೂಕರು ಎಲ್ಲಿಯೂ ಬರೆದಿಲ್ಲ. ಚಕ್ರವರ್ತಿಗೆ ಮೊರೆಯಿಟ್ಟ ಪೌಲರು, 276 ಮಂದಿಯಿದ್ದ ಹಡಗು ಒಡೆದು ಮಾಲ್ಟ ದ್ವೀಪದಲ್ಲಿ ಮೂರು ತಿಂಗಳು ಕಳೆದು, ಕೈದಿಯಾಗಿಯೇ ರೋಮನ್ನು ಸೇರಿದರು. ಅಲ್ಲಿ ಬಾಡಿಗೆಯ ಮನೆಯೊಂದರಲ್ಲಿ ಎರಡು ವರ್ಷ, ಬಂದವರಿಗೆಲ್ಲ ಶುಭಸಂದೇಶವನ್ನು ಸಾರಿದರು. ನೀರೋ ಚಕ್ರವರ್ತಿಯ ಕಾಲದಲ್ಲಿ ಅವರ ಶಿರಚ್ಛೇದವಾಯಿತೆಂಬುದು ಧರ್ಮಸಭೆಯ ಪರಂಪರೆ.

ಓಸ್ತಿಯ ರಸ್ತೆಯಲ್ಲಿರುವ ಸಮಾಧಿಯ ಮೇಲೆ ಕಾನ್‌ಸ್ಟಂಟೈನ್ ಚಕ್ರವರ್ತಿ ಕಟ್ಟಿಸಿದ ದೇವಾಲಯವು ಮುಂದೆ ವಿಸ್ತಾರಗೊಂಡು, 1823ರಲ್ಲಿ ಬೆಂಕಿಗೆ ಆಹುತಿಯಾಗಿ, ಪುನಃ ಎದ್ದಿತು. ಅಂತಿಯೋಕ್ಯದಲ್ಲಿ ಎದುರುಬದುರಾಗಿ ನಿಂತ ಪೇತ್ರ-ಪೌಲರಿಬ್ಬರಿಗೂ ಜೂನ್ 29ರಂದು ಒಂದೇ ಹಬ್ಬ. 2009ರಲ್ಲಿ ಆ ಹಬ್ಬದ ಮುನ್ನಾದಿನ, ಬಲಿಪೀಠದ ಕೆಳಗಿನ ಅಮೃತಶಿಲೆಯ ಶವಪೆಟ್ಟಿಗೆಯಲ್ಲಿದ್ದ ಎಲುಬಿನ ಚೂರುಗಳು ಮೊದಲ ಅಥವಾ ಎರಡನೆಯ ಶತಮಾನಕ್ಕೆ ಸೇರಿದವೆಂದು ಪರೀಕ್ಷೆಯಿಂದ ತಿಳಿದುಬಂದಿರುವುದಾಗಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಪ್ರಕಟಿಸಿದರು.